ಡಿಜಿಟಲ್ ಪಾಠ ಎಷ್ಟು ಫಲ ಕೊಟ್ಟಿತು? ಲೆಕ್ಕ ಹಾಕಲು ಕೂತವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೋರ್ಸನ್ನು ಪೂರ್ತಿಯಾಗಿಯೋ ಅರ್ಧಂಬರ್ಧವೋ ಆನ್‌ಲೈನ್‌ಗೆ ತಂದಾಯಿತು. ಈಗ ವಿಭಾಗದವರು ಕೇಳುತ್ತಿದ್ದಾರೆ: ಇದರಿಂದ ನಿಜವಾಗಿ ಉಪಯೋಗ ಆಯಿತಾ? ಆ ಪ್ರಶ್ನೆಗೆ ಅಂಕಿಗಳಲ್ಲಿ ಉತ್ತರ ಕೊಡಬೇಕಾದ ಅಧ್ಯಾಪಕರಿಗೆ, ಸಂಶೋಧನಾ ವಿದ್ಯಾರ್ಥಿಗಳಿಗೆ ಈ ಪುಟ. ಕೆಳಗಿನ ಉದಾಹರಣೆಗಳಲ್ಲಿರುವ ಅಂಕಿಗಳನ್ನು ಲೆಕ್ಕ ತೋರಿಸಲು ನಾನೇ ಹಾಕಿಕೊಂಡಿದ್ದೇನೆ. ಸಂಶೋಧನೆಯಿಂದ ತೆಗೆದುಕೊಂಡ ಕಡೆ ಹಾಗೆಂದು ಹೇಳಿದ್ದೇನೆ.

ಮೊದಲಿಗೆ, ಏನನ್ನು ಅಳೆಯಬೇಕು?

ಕಲಿಕೆಯನ್ನು. ಕೇಳಲು ಸುಲಭ, ಆದರೆ ಹೆಚ್ಚಿನ ವರದಿಗಳು ಅಳೆಯುವುದು ಬೇರೆಯದನ್ನೇ: ಎಷ್ಟು ಜನ ಲಾಗಿನ್ ಆದರು, ಎಷ್ಟು ವಿಡಿಯೋ ಓಡಿದವು, ಫೀಡ್‌ಬ್ಯಾಕ್ ಫಾರ್ಮ್‌ನಲ್ಲಿ ಐದಕ್ಕೆ ಎಷ್ಟು ಬಂತು. ಇವು ಕೈಗೆ ಸುಲಭವಾಗಿ ಸಿಗುತ್ತವೆ, ಅದಕ್ಕೇ ಎಲ್ಲರೂ ಇವನ್ನೇ ಹಿಡಿದುಕೊಳ್ಳುತ್ತಾರೆ.

ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ತರಬೇತಿಯನ್ನು ನಾಲ್ಕು ಹಂತಗಳಲ್ಲಿ ನೋಡಿ ಎಂದು ಬರೆದಿದ್ದರು. ಇಷ್ಟವಾಯಿತಾ, ಕಲಿತರಾ, ಕಲಿತದ್ದನ್ನು ಬಳಸಿದರಾ, ಅದರಿಂದ ಫಲ ಬಂತಾ. ವಿಶ್ವವಿದ್ಯಾಲಯದ ಕೋರ್ಸಿನಲ್ಲಿ ಮೊದಲ ಎರಡು ಹಂತ ಅಳೆಯಬಹುದು. ಮೂರನೆಯದಕ್ಕೆ ಮುಂದಿನ ಸೆಮಿಸ್ಟರ್‌ನ ಕೋರ್ಸನ್ನು ನೋಡಬೇಕು. ನಾಲ್ಕನೆಯದನ್ನು ಅಳೆಯಲು ಯಾರಿಗೂ ಪುರುಸೊತ್ತಿಲ್ಲ.

ವಿದ್ಯಾರ್ಥಿಗಳಿಗೆ ಇಷ್ಟವಾದರೆ ಕಲಿತಿದ್ದಾರೆ ಅಂತಲೇ ಅಲ್ವಾ?

ಹಾಗೆ ಹೇಳಲು ಬರುವುದಿಲ್ಲ. ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ಮಾಡಿ 2019ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಒಳ್ಳೆಯ ಉದಾಹರಣೆ. ಸ್ವತಃ ಲೆಕ್ಕ ಬಿಡಿಸುತ್ತಾ, ಚರ್ಚಿಸುತ್ತಾ ಕಲಿತವರು ಟೆಸ್ಟ್‌ನಲ್ಲಿ ಹೆಚ್ಚು ಅಂಕ ತೆಗೆದರು. ಆದರೆ ಎಷ್ಟು ಕಲಿತಿರಿ ಎಂದು ಕೇಳಿದಾಗ, ಸುಮ್ನೆ ಕೂತು ಉಪನ್ಯಾಸ ಕೇಳಿದವರೇ ತಾವು ಜಾಸ್ತಿ ಕಲಿತೆವು ಎಂದರು. ಸಲೀಸಾಗಿ ಕೇಳಿಸಿಕೊಂಡದ್ದೆಲ್ಲ ಅರ್ಥವಾದಂತೆಯೇ ಅನ್ನಿಸುತ್ತದೆ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಇನ್ನೊಂದು ವಿಶ್ಲೇಷಣೆಯೂ ವಿದ್ಯಾರ್ಥಿಗಳ ಫೀಡ್‌ಬ್ಯಾಕ್ ಅಂಕಕ್ಕೂ ಅವರ ಕಲಿಕೆಗೂ ಹೇಳಿಕೊಳ್ಳುವಂಥ ಸಂಬಂಧ ಇಲ್ಲ ಎಂದಿತು.

ಫೀಡ್‌ಬ್ಯಾಕ್ ಬೇಡ ಎಂದಲ್ಲ. ಆಡಿಯೋ ಕೇಳಿಸುತ್ತಿಲ್ಲ, ಅಸೈನ್‌ಮೆಂಟ್ ತೀರಾ ಜಾಸ್ತಿ ಎಂಬುದು ಅದರಿಂದಲೇ ಗೊತ್ತಾಗಬೇಕು. ಕಲಿಕೆಯ ಅಂಕಣದಲ್ಲಿ ಮಾತ್ರ ಅದನ್ನು ಹಾಕಬೇಡಿ.

ಕೋರ್ಸಿಗೆ ಮುಂಚೆ ಒಂದು ಟೆಸ್ಟ್, ಆಮೇಲೆ ಒಂದು ಟೆಸ್ಟ್. ವ್ಯತ್ಯಾಸ ತೆಗೆದರೆ ಮುಗೀತಲ್ಲ?

ಶುರು ಮಾಡಲು ಅದೇ ಸರಿಯಾದ ಜಾಗ. ಸಣ್ಣ ತೊಡಕೊಂದಿದೆ. 40ರಿಂದ 64ಕ್ಕೆ ಏರಿದ ತರಗತಿ 24 ಅಂಕ ಗಳಿಸಿತು. 80ರಿಂದ 92ಕ್ಕೆ ಏರಿದ್ದು 12 ಮಾತ್ರ. ಹಾಗಂತ ಎರಡನೆಯ ತರಗತಿಯಲ್ಲಿ ಅರ್ಧದಷ್ಟೇ ಪಾಠ ಆಯಿತು ಎನ್ನಬಹುದೇ? ಅವರಿಗೆ ಏರಲು ಜಾಗವೇ 20 ಅಂಕದಷ್ಟಿತ್ತು.

ಇದಕ್ಕೆ ರಿಚರ್ಡ್ ಹೇಕ್ 1998ರ ಲೇಖನದಲ್ಲಿ ಬಳಸಿದ ಅಳತೆ ಸರಳವಾಗಿದೆ: ಗಳಿಸಿದ್ದನ್ನು ಗಳಿಸಲು ಉಳಿದಿದ್ದರಿಂದ ಭಾಗಿಸುವುದು. ಮೊದಲ ತರಗತಿಗೆ 24 ಭಾಗಿಸು 60, ಅಂದರೆ 0.40. ಎರಡನೆಯದಕ್ಕೆ 12 ಭಾಗಿಸು 20, ಅಂದರೆ 0.60. ಚಿತ್ರವೇ ತಿರುಗಿತು. ಹೇಕ್ ಅವರು 62 ಭೌತಶಾಸ್ತ್ರ ಕೋರ್ಸುಗಳ 6,542 ವಿದ್ಯಾರ್ಥಿಗಳನ್ನು ನೋಡಿದ್ದರು. ಬರೀ ಉಪನ್ಯಾಸದ ಕೋರ್ಸುಗಳಲ್ಲಿ ಈ ಅಂಕಿ ಸರಾಸರಿ 0.23, ವಿದ್ಯಾರ್ಥಿಗಳು ಕೈಹಾಕಿ ಮಾಡುವ ಕೋರ್ಸುಗಳಲ್ಲಿ 0.48.

ಈ ಸೂತ್ರಕ್ಕೂ ದೋಷ ಇದೆ. ಮೊದಲೇ 95 ತೆಗೆದ ಒಬ್ಬ ಆಮೇಲೆ 90 ತೆಗೆದರೆ ಉತ್ತರ −1 ಬರುತ್ತದೆ, ಒಬ್ಬನೇ ಇಡೀ ಸರಾಸರಿಯನ್ನು ಕೆಡಿಸುತ್ತಾನೆ. ತರಗತಿಯ ಸರಾಸರಿಗೆ ಬಳಸಿ, ಒಬ್ಬೊಬ್ಬರಿಗೆ ಬೇಡ. ಒಬ್ಬೊಬ್ಬರ ಅಂಕ ಕೈಯಲ್ಲಿದ್ದರೆ, ಮೊದಲ ಟೆಸ್ಟನ್ನು ರಿಗ್ರೆಶನ್ (ಯಾವ ಕಾರಣ ಫಲಿತಾಂಶಕ್ಕೆ ಎಷ್ಟು ಸೇರಿಸಿತು ಎಂದು ಬಿಡಿಸಿ ನೋಡುವ ಲೆಕ್ಕ) ಒಳಗೆ ಒಂದು ಚರಾಂಶವಾಗಿ ಇಡುವುದು ಇನ್ನೂ ಒಳ್ಳೆಯದು.

ಇಂಥ ಲೆಕ್ಕದಲ್ಲಿ "ಅನಿಶ್ಚಿತತೆ", ಅಂದರೆ ಉತ್ತರ ಆಚೀಚೆ ಇರಬಹುದು ಎಂಬ ಅನುಮಾನ, ಎಲ್ಲಿಂದ ಬರುತ್ತದೆ?

ಬೇರೆ ಬೇರೆ ಬಾಗಿಲಿನಿಂದ. ಈ ವರ್ಷ ಬಂದ ವಿದ್ಯಾರ್ಥಿಗಳ ಬದಲು ಬೇರೆ ಬ್ಯಾಚ್ ಬಂದಿದ್ದರೆ ಫಲಿತಾಂಶ ಬೇರೆ ಇರುತ್ತಿತ್ತು. ಟೆಸ್ಟ್ ಅನ್ನುವುದೇ ಪೂರ್ತಿ ನಂಬುವಂಥ ಅಳತೆಗೋಲಲ್ಲ, ಊಹೆ ಹೊಡೆದು ಪಾಸಾದವರು ಇರುತ್ತಾರೆ. ಮಧ್ಯದಲ್ಲಿ ಬಿಟ್ಟುಹೋದವರ ಅಂಕ ಇಲ್ಲವೇ ಇಲ್ಲ. "ಪಾಠ ಚೆನ್ನಾಗಿತ್ತು" ಎಂಬ ಮಾತಿಗೆ ಗಡಿಯಿಲ್ಲ. ನೀವು ಆರಿಸಿದ ಮಾಡೆಲ್ ಕೂಡ ತಪ್ಪಿರಬಹುದು.

ಇವನ್ನೆಲ್ಲ ಒಂದೇ ಚೀಲಕ್ಕೆ ತುಂಬುವುದು ಈ ಕ್ಷೇತ್ರದಲ್ಲಿ ನಡೆಯುವ ದೊಡ್ಡ ಎಡವಟ್ಟು ಎನ್ನುವುದು ನನ್ನ ಅಭಿಪ್ರಾಯ. ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚಿಸಿದರೆ ಮೊದಲನೆಯದು ಕಡಿಮೆಯಾಗುತ್ತದೆ. "ಚೆನ್ನಾಗಿತ್ತು" ಎಂಬುದರ ಮಸುಕು ಮಾತ್ರ ಹತ್ತು ಸಾವಿರ ಜನರನ್ನು ಕೇಳಿದರೂ ಹಾಗೇ ಉಳಿಯುತ್ತದೆ. ಒಂದಕ್ಕೆ ಸಂಭವನೀಯತೆ ಬೇಕು, ಇನ್ನೊಂದಕ್ಕೆ ಬೇರೆ ಸಲಕರಣೆ ಬೇಕು.

ನಮ್ಮ ಕೋರ್ಸಿನಲ್ಲಿ ಬರೀ 40 ಜನ. ಏನಾದರೂ ಹೇಳಲು ಆಗುತ್ತಾ?

ಆಗುತ್ತದೆ, ಆದರೆ ಒಂದೇ ಅಂಕಿಯಾಗಿ ಅಲ್ಲ. ಡಿಜಿಟಲ್ ತರಗತಿಯ 40ರಲ್ಲಿ 28 ಜನ ನಿಗದಿತ ಮಟ್ಟ ಮುಟ್ಟಿದರು ಎನ್ನೋಣ, ಅಂದರೆ 70%. ಹಳೆಯ ರೀತಿಯ ತರಗತಿಯಲ್ಲಿ 40ಕ್ಕೆ 24, ಅಂದರೆ 60%. ಹತ್ತು ಅಂಶ ಮುಂದೆ ಎಂದು ಪೋಸ್ಟರ್ ಹಾಕುವ ಮುನ್ನ ಬೇಯ್ಸ್ ವಿಧಾನದಲ್ಲಿ ನೋಡೋಣ. ಥಾಮಸ್ ಬೇಯ್ಸ್ ಬರೆದಿಟ್ಟದ್ದು ಅವರು ತೀರಿಕೊಂಡ ಮೇಲೆ, 1763ರಲ್ಲಿ ಅಚ್ಚಾಯಿತು. ಕೆಲಸ ಮಾತ್ರ ಇವತ್ತಿಗೂ ಅದೇ: ಮುಂಚೆ ಗೊತ್ತಿದ್ದದ್ದನ್ನೂ ಈಗ ಕಂಡದ್ದನ್ನೂ ಕೂಡಿಸುವುದು.

ಹಿಂದಿನ ಬ್ಯಾಚುಗಳಲ್ಲಿ ಸುಮಾರು 60% ಜನ ಮಟ್ಟ ಮುಟ್ಟುತ್ತಿದ್ದರು. ಆ ತಿಳಿವಳಿಕೆಗೆ 20 ವಿದ್ಯಾರ್ಥಿಗಳಷ್ಟು ತೂಕ ಕೊಡೋಣ: 12 ಪಾಸ್, 8 ಫೇಲ್. ಡಿಜಿಟಲ್ ತರಗತಿಗೆ ಇದನ್ನು ಕೂಡಿಸಿದರೆ 40 ಪಾಸ್, 20 ಫೇಲ್. ಅಂದಾಜು 67%. ಅದರ 95% ವ್ಯಾಪ್ತಿ, ಅಂದರೆ ನಿಜವಾದ ಪ್ರಮಾಣ ಇರುವ ಸಾಧ್ಯತೆ 95% ಇರುವ ಜಾಗ, ಸುಮಾರು 54ರಿಂದ 78. ಹಳೆಯ ತರಗತಿಗೆ ಅದೇ ಲೆಕ್ಕದಲ್ಲಿ 60%. ಎರಡರ ನಡುವಿನ ಅಂತರ 7 ಅಂಶಕ್ಕೆ ಇಳಿಯಿತು, ಅದರ ವ್ಯಾಪ್ತಿ −10ರಿಂದ 24ರವರೆಗೆ. ಡಿಜಿಟಲ್ ಮೇಲಿದೆ ಎನ್ನಲು ಸಂಭವನೀಯತೆ ಸುಮಾರು 0.78.

ವರದಿಯಲ್ಲಿ ಬರೆಯಬೇಕಾದದ್ದು ಈ ಕೊನೆಯ ಎರಡು ವಾಕ್ಯ. 78% ಎಂದರೆ ಒಳ್ಳೆಯ ಸುದ್ದಿಯೇ, ಆದರೆ ನೂರಕ್ಕೆ 22 ಪಾಲು ಸಾಧ್ಯತೆ ಉಲ್ಟಾ ಇದೆ.

ಆ "ಮುಂಚೆ ಗೊತ್ತಿದ್ದದ್ದು" ಅಂದರೆ ಮನಸ್ಸಿಗೆ ಬಂದದ್ದನ್ನು ಹಾಕೋದಾ?

ಹಾಕಬಾರದು, ಹಾಕಿದರೂ ಸಿಕ್ಕಿಬೀಳುತ್ತೀರಿ. ಬೇರೆ ಬೇರೆ ತೂಕ ಹಾಕಿ ಮತ್ತೆ ಲೆಕ್ಕ ಮಾಡಿ, ಎಲ್ಲ ಉತ್ತರಗಳನ್ನೂ ತೋರಿಸಿ. ತೂಕ ಬದಲಿಸಿದ ಕೂಡಲೇ ತೀರ್ಮಾನ ಬದಲಾದರೆ, ನಿಮ್ಮ ಡೇಟಾ ಇನ್ನೂ ಮಾತಾಡುವಷ್ಟು ದೊಡ್ಡದಿಲ್ಲ ಎಂದೇ ಅರ್ಥ.

ಫಜಿ ತರ್ಕ ಎಲ್ಲಿ ಬರುತ್ತದೆ? ಈ ವಿಷಯದ ಎಷ್ಟೋ ಲೇಖನಗಳಲ್ಲಿ ಅದೇ ಇರುತ್ತಲ್ಲ.

"ಪರವಾಗಿಲ್ಲ", "ಚೆನ್ನಾಗಿದೆ", "ತುಂಬಾ ಚೆನ್ನಾಗಿದೆ" ಎಂಬ ಮಾತುಗಳನ್ನು ಲೆಕ್ಕಕ್ಕೆ ತರಬೇಕಾದಾಗ. ಲಾಟ್ಫಿ ಝಾದೆ 1965ರಲ್ಲಿ ಮುಂದಿಟ್ಟ ವಿಚಾರ ಇದು: ಒಂದು ವಸ್ತು ಗುಂಪಿಗೆ ಸೇರಿದೆ ಅಥವಾ ಸೇರಿಲ್ಲ ಎಂಬುದರ ಬದಲು, 0ರಿಂದ 1ರ ನಡುವೆ ಎಷ್ಟು ಸೇರಿದೆ ಎಂದು ಹೇಳುವುದು.

ಪರಿಣತರೊಬ್ಬರು ಒಂದು ವಿಡಿಯೋ ಪಾಠದ ಗುಣಮಟ್ಟಕ್ಕೆ 74 ಕೊಟ್ಟರು ಎನ್ನೋಣ. "ಪರವಾಗಿಲ್ಲ" ಎಂಬುದು 40ರಲ್ಲಿ ಶುರುವಾಗಿ 60ರಲ್ಲಿ ಪೂರ್ತಿಯಾಗಿ 80ರಲ್ಲಿ ಮುಗಿಯುವ ತ್ರಿಕೋನ. "ಚೆನ್ನಾಗಿದೆ" ಎಂಬುದು 60, 80, 100ರ ತ್ರಿಕೋನ. 74 ಮೊದಲನೆಯದಕ್ಕೆ 0.3ರಷ್ಟು, ಎರಡನೆಯದಕ್ಕೆ 0.7ರಷ್ಟು ಸೇರುತ್ತದೆ. 69 ಬಂದರೆ ಸಾಧಾರಣ, 70 ಬಂದರೆ ಉತ್ತಮ ಎಂದು ಕತ್ತರಿ ಹಾಕುವುದಕ್ಕಿಂತ ಇದು ಎಷ್ಟೋ ವಾಸಿ.

ಆದರೆ 0.7 ಅಂದರೆ 70% ಸಂಭವನೀಯತೆ ಅಲ್ಲ. ಇಲ್ಲಿ ಯಾವ ಘಟನೆಯೂ ನಡೆಯಬಹುದು, ನಡೆಯದೇ ಇರಬಹುದು ಎಂಬ ಸ್ಥಿತಿಯಲ್ಲಿಲ್ಲ. ಈ ಎರಡನ್ನೂ ಗುಣಿಸಿ ಒಂದು ಅಂಕಿ ಮಾಡಿದ ಕೋಷ್ಟಕ ಕಂಡರೆ ನಾನು ಅಲ್ಲಿಗೇ ಓದು ನಿಲ್ಲಿಸುತ್ತೇನೆ. ಪರೀಕ್ಷೆಯ ಅಂಕ ಇರುವ ಕಡೆ ಫಜಿ ತರುವ ಅಗತ್ಯವೂ ಇಲ್ಲ. ಎಷ್ಟೋ ಸಲ ಅದು ಬರೀ ಅಲಂಕಾರ.

ಹಲವು ಮಾನದಂಡಗಳಿಗೆ ತೂಕ ಹೇಗೆ ಕೊಡೋದು?

ಜೋಡಿ ಜೋಡಿಯಾಗಿ ಹೋಲಿಸುವ ವಿಧಾನ ಹೆಚ್ಚು ಬಳಕೆಯಲ್ಲಿದೆ. ಥಾಮಸ್ ಸಾಟಿ 1970ರ ದಶಕದಲ್ಲಿ ರೂಪಿಸಿದ್ದು. 1ರಿಂದ 9ರ ಅಳತೆಯಲ್ಲಿ ಯಾವುದು ಯಾವುದಕ್ಕಿಂತ ಎಷ್ಟು ಮುಖ್ಯ ಎಂದು ಕೇಳುತ್ತಾರೆ. ಕಲಿಕೆಯು ಪಾಲ್ಗೊಳ್ಳುವಿಕೆಗಿಂತ 3 ಪಟ್ಟು, ತೃಪ್ತಿಗಿಂತ 5 ಪಟ್ಟು, ಪಾಲ್ಗೊಳ್ಳುವಿಕೆಯು ತೃಪ್ತಿಗಿಂತ 2 ಪಟ್ಟು ಮುಖ್ಯ ಎಂದರೆ ತೂಕಗಳು ಸುಮಾರು 0.65, 0.23, 0.12. ಉತ್ತರಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಲು ಒಂದು ಅನುಪಾತ ಇದೆ. ಅದು 0.10ಕ್ಕಿಂತ ಜಾಸ್ತಿ ಬಂದರೆ ಹೋಲಿಕೆಗಳನ್ನು ಮತ್ತೆ ಕೇಳಬೇಕು.

ಇಲ್ಲಿಯವರೆಗೆ ಎಲ್ಲ ಚೆಂದ. ಈಗ ಎರಡು ಕೋರ್ಸು ತೆಗೆದುಕೊಳ್ಳಿ. ಮೊದಲನೆಯದಕ್ಕೆ ಕಲಿಕೆ 70, ಪಾಲ್ಗೊಳ್ಳುವಿಕೆ 50, ತೃಪ್ತಿ 90. ಎರಡನೆಯದಕ್ಕೆ 62, 80, 70. ಮೇಲಿನ ತೂಕದಲ್ಲಿ ಮೊದಲನೆಯದಕ್ಕೆ 67.8, ಎರಡನೆಯದಕ್ಕೆ 67.1. ಮೊದಲನೆಯದು ಗೆದ್ದಿತು. ಕಲಿಕೆಯ ತೂಕ 0.60ಕ್ಕೆ ಇಳಿಸಿ, ಪಾಲ್ಗೊಳ್ಳುವಿಕೆಗೆ 0.28 ಕೊಡಿ: 66.8 ಮತ್ತು 68.0. ಈಗ ಎರಡನೆಯದು ಗೆದ್ದಿತು. ಐದು ನೂರಾಂಶದ ತೂಕ ಆಚೀಚೆ ಆಗಿದ್ದಕ್ಕೆ ಕ್ರಮವೇ ಬದಲು. ಅಷ್ಟು ಕರಾರುವಾಕ್ಕಾಗಿ ತೂಕ ಹೇಳಬಲ್ಲ ಸಮಿತಿ ಎಲ್ಲಿದೆ ಹೇಳಿ?

ಹಾಗಾಗಿ ತೂಕಗಳನ್ನೇ ಒಂದು ವ್ಯಾಪ್ತಿಯಲ್ಲಿ ಬದಲಿಸುತ್ತಾ ಕಂಪ್ಯೂಟರಿನಲ್ಲಿ ಹತ್ತು ಸಾವಿರ ಸಲ ಲೆಕ್ಕ ಹಾಕಿಸಿ. ಮಾಂಟೆ ಕಾರ್ಲೋ ವಿಧಾನ ಅನ್ನುವುದು ಇದನ್ನೇ. ಮೊದಲ ಕೋರ್ಸು ಎಷ್ಟು ಪಾಲು ಸಲ ಮುಂದೆ ಬಂತು ಎಂದು ಬರೆಯಿರಿ. ಅರ್ಧಕ್ಕರ್ಧ ಬಂದರೆ ಎರಡೂ ಸಮ ಎಂದೇ ಹೇಳಿ, ರ‍್ಯಾಂಕ್ ಕೊಡಬೇಡಿ.

ಮಧ್ಯದಲ್ಲೇ ಬಿಟ್ಟುಹೋದವರನ್ನು ಏನು ಮಾಡೋದು?

ಡಿಜಿಟಲ್ ಕೋರ್ಸುಗಳಲ್ಲಿ ಇದೇ ಮುಖ್ಯ ಪ್ರಶ್ನೆ. ಯಾರು ಬೇಕಾದರೂ ಸೇರಬಹುದಾದ ದೊಡ್ಡ ಆನ್‌ಲೈನ್ ಕೋರ್ಸುಗಳನ್ನು ನೋಡಿ, ಸೇರಿದವರಲ್ಲಿ ಬಹುಪಾಲು ಜನ ಮುಗಿಸುವುದೇ ಇಲ್ಲ.

100 ಜನ ಹೆಸರು ಕೊಟ್ಟರು, 60 ಜನ ಕೊನೆಯ ಪರೀಕ್ಷೆ ಬರೆದರು, 48 ಜನ ಪಾಸಾದರು. ಬರೆದವರನ್ನಷ್ಟೇ ನೋಡಿದರೆ 80%. ಬಿಟ್ಟುಹೋದ 40 ಜನರೂ ಫೇಲಾಗುತ್ತಿದ್ದರು ಎಂದುಕೊಂಡರೆ 48%. ಎಲ್ಲರೂ ಪಾಸಾಗುತ್ತಿದ್ದರು ಎಂದುಕೊಂಡರೆ 88%. ಯಾವ ಊಹೆಯೂ ಇಲ್ಲದೆ ನಿಮ್ಮ ಡೇಟಾ ಹೇಳುವುದು ಇಷ್ಟೇ: 48 ಮತ್ತು 88ರ ನಡುವೆ ಎಲ್ಲೋ. ಇಷ್ಟು ಅಗಲದ ಉತ್ತರ ಕೊಡಲು ಮುಜುಗರ ಆಗುತ್ತದೆ, ಗೊತ್ತು. ಆದರೂ ಮೊದಲು ಇದನ್ನು ಬರೆಯಿರಿ.

ಆಮೇಲೆ ಅಗಲ ಕಿರಿದು ಮಾಡುವ ಕೆಲಸ. ಡೊನಾಲ್ಡ್ ರೂಬಿನ್ 1976ರಲ್ಲಿ ಹಾಕಿಕೊಟ್ಟ ವಿಂಗಡಣೆ ಇಲ್ಲಿ ನೆರವಿಗೆ ಬರುತ್ತದೆ. ಬಿಟ್ಟುಹೋಗಿದ್ದು ಪೂರ್ತಿ ಆಕಸ್ಮಿಕವೇ? ನಮಗೆ ಗೊತ್ತಿರುವ ಸಂಗತಿಗಳಿಂದ, ಅಂದರೆ ಮೊದಲ ಟೆಸ್ಟಿನ ಅಂಕ, ಹಾಜರಿ, ಇಂಟರ್ನೆಟ್ ಸೌಕರ್ಯ ಇವುಗಳಿಂದ ಅದನ್ನು ವಿವರಿಸಬಹುದೇ? ಅಥವಾ ಕಾಣದ ಆ ಅಂಕವೇ ಕಾರಣವೇ, ಅಂದರೆ ಅರ್ಥವಾಗಲಿಲ್ಲ ಎಂದೇ ಬಿಟ್ಟರೇ? ಎರಡನೆಯದಾದರೆ ಬಿಟ್ಟ ಜಾಗಗಳನ್ನು ಹಲವು ಬಾರಿ ಅಂದಾಜಿಸಿ ತುಂಬುವ ವಿಧಾನ ನಡೆಯುತ್ತದೆ. ಮೂರನೆಯದಾದರೆ ಯಾವ ಸೂತ್ರವೂ ಪೂರ್ತಿ ಕಾಪಾಡುವುದಿಲ್ಲ. ಬಿಟ್ಟವರಲ್ಲಿ ಕೆಲವರಿಗೆ ಫೋನ್ ಮಾಡಿ ಕೇಳುವುದು ಅಂಥ ಹೊತ್ತಿನಲ್ಲಿ ಒಳ್ಳೆಯ ಗಣಿತ.

ಕಲಿಕಾ ತಾಣದ ಲಾಗ್ ಡೇಟಾ ರಾಶಿ ಬಿದ್ದಿದೆ. ಅದು ಉಪಯೋಗಕ್ಕೆ ಬರುತ್ತಾ?

ಅದರಲ್ಲಿ ಏನಿದೆ ಎಂಬುದರ ಮೇಲೆ. ವಿಡಿಯೋ 40 ನಿಮಿಷ ಓಡಿತು ಎಂದರೆ ಟ್ಯಾಬ್ 40 ನಿಮಿಷ ತೆರೆದಿತ್ತು ಎಂದಷ್ಟೇ. ಹುಡುಗ ಪಕ್ಕದಲ್ಲಿ ನಿದ್ದೆ ಹೊಡೆದಿರಬಹುದು. ಕ್ವಿಜ್‌ನ ಒಂದೊಂದೇ ಉತ್ತರ ಇದ್ದರೆ ಮಾತ್ರ ಅದು ಬಂಗಾರ.

ಕಾರ್ಬೆಟ್ ಮತ್ತು ಆಂಡರ್ಸನ್ 1990ರ ದಶಕದ ಮಧ್ಯದಲ್ಲಿ ಕೊಟ್ಟ ಮಾಡೆಲ್ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ನಾಲ್ಕೇ ಅಂಕಿ ಸಾಕು: ವಿಷಯ ಮೊದಲೇ ಗೊತ್ತಿರುವ ಸಾಧ್ಯತೆ, ಪ್ರತಿ ಪ್ರಶ್ನೆಯ ನಂತರ ಕಲಿಯುವ ಸಾಧ್ಯತೆ, ಗೊತ್ತಿಲ್ಲದೆ ಊಹಿಸಿ ಸರಿಯಾಗುವ ಸಾಧ್ಯತೆ, ಗೊತ್ತಿದ್ದೂ ಕೈತಪ್ಪುವ ಸಾಧ್ಯತೆ. ಇವು ಕ್ರಮವಾಗಿ 0.3, 0.15, 0.2, 0.1 ಇರಲಿ. ವಿದ್ಯಾರ್ಥಿನಿ ಮೊದಲ ಪ್ರಶ್ನೆಗೆ ಸರಿ ಉತ್ತರ ಕೊಟ್ಟಳು. ಅವಳಿಗೆ ವಿಷಯ ಗೊತ್ತು ಎಂಬ ನಮ್ಮ ನಂಬಿಕೆ 0.30ರಿಂದ 0.71ಕ್ಕೆ ಏರುತ್ತದೆ. ಎರಡನೆಯದೂ ಸರಿಯಾದರೆ 0.93. ಮೊದಲನೆಯದೇ ತಪ್ಪಾಗಿದ್ದರೆ 0.19ಕ್ಕೆ ಇಳಿಯುತ್ತಿತ್ತು. ಸೊನ್ನೆ ಆಗಲಿಲ್ಲ ನೋಡಿ, ಒಂದು ತಪ್ಪಿಗೆ ಗೊತ್ತೇ ಇಲ್ಲ ಎಂದು ಷರಾ ಬರೆಯುವುದಿಲ್ಲ. ಎರಡು ಬಗೆಯ ಪಾಠಗಳಲ್ಲಿ ಆ "ಕಲಿಯುವ ಸಾಧ್ಯತೆ" ಎಷ್ಟೆಷ್ಟಿದೆ ಎಂದು ಹೋಲಿಸಿದರೆ, ಕೊನೆಯ ಪರೀಕ್ಷೆಗೆ ಕಾಯದೆ ಪಾಠದ ಪರಿಣಾಮ ಕಾಣುತ್ತದೆ.

ಎಚ್ಚರಿಕೆ: ಕ್ಲಿಕ್ಕಿಗೆ ಅಂಕ ಇದೆ ಎಂದು ಒಮ್ಮೆ ಘೋಷಿಸಿದರೆ ಕ್ಲಿಕ್ಕುಗಳು ಏರುತ್ತವೆ, ಕಲಿಕೆ ಇದ್ದಲ್ಲೇ ಇರುತ್ತದೆ.

ಡಿಜಿಟಲ್ ವಿಭಾಗದ ಫಲಿತಾಂಶ ಕಡಿಮೆ ಬಂತು. ವಿಧಾನ ಸೋತಿತು ಅಂತಲಾ?

ಯಾರು ಎಲ್ಲಿ ಸೇರಿದ್ದರು ಎಂದು ಮೊದಲು ನೋಡಿ. ಚೆನ್ನಾಗಿ ತಯಾರಾಗಿ ಬಂದವರಲ್ಲಿ ಡಿಜಿಟಲ್ ವಿಭಾಗದಲ್ಲಿ 10ಕ್ಕೆ 9 ಪಾಸ್, ಹಳೆಯದರಲ್ಲಿ 40ಕ್ಕೆ 32. ತಯಾರಿ ಕಡಿಮೆ ಇದ್ದವರಲ್ಲಿ ಡಿಜಿಟಲ್‌ನಲ್ಲಿ 40ಕ್ಕೆ 20, ಹಳೆಯದರಲ್ಲಿ 10ಕ್ಕೆ 4. ಎರಡೂ ಗುಂಪಿನಲ್ಲಿ ಡಿಜಿಟಲ್ ಹತ್ತು ಅಂಶ ಮುಂದೆ. ಒಟ್ಟು ಕೂಡಿಸಿ: ಡಿಜಿಟಲ್ 58%, ಹಳೆಯದು 72%. ಸಿಂಪ್ಸನ್ ವಿರೋಧಾಭಾಸ ಎಂದು ಹೆಸರಾದ ಗಮ್ಮತ್ತು ಇದೇ. ಕಷ್ಟದ ವಿದ್ಯಾರ್ಥಿಗಳು ಹೆಚ್ಚಾಗಿ ಒಂದೇ ಕಡೆ ಸೇರಿದ್ದರು, ಅಷ್ಟೇ.

ಸಣ್ಣ ವಿಭಾಗಗಳೇ ಯಾವಾಗಲೂ ಮೇಲೆ, ಇಲ್ಲ ಕೆಳಗೆ ಇರ್ತವೆ. ಯಾಕೆ?

8 ಜನರ ಸರಾಸರಿ ಸುಲಭವಾಗಿ ಹಾರಾಡುತ್ತದೆ. ಅದಕ್ಕೆ ಬಹುಹಂತದ ಮಾಡೆಲ್ ಬೇಕು. ಅದು ಪ್ರತಿ ವಿಭಾಗದ ಸರಾಸರಿಯನ್ನು ಒಟ್ಟು ಸರಾಸರಿಯ ಕಡೆಗೆ ಎಳೆಯುತ್ತದೆ, ಚಿಕ್ಕದನ್ನು ಜಾಸ್ತಿ, ದೊಡ್ಡದನ್ನು ಕಡಿಮೆ. ಒಟ್ಟು ಸರಾಸರಿ 60, ವಿಭಾಗದೊಳಗಿನ ಪ್ರಮಾಣಿತ ವಿಚಲನೆ (ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬ ಅಳತೆ) 15, ವಿಭಾಗಗಳ ನಡುವಿನದು 5 ಎಂದಿಟ್ಟುಕೊಳ್ಳಿ. 8 ಜನರ ವಿಭಾಗ 76 ತೆಗೆದಿದ್ದರೆ ಅಂದಾಜು 67.5ಕ್ಕೆ ಬರುತ್ತದೆ. 72 ಜನರ ವಿಭಾಗ 70 ತೆಗೆದಿದ್ದರೆ 68.9. ಹಿಂದೆ ಕಂಡದ್ದು ಮುಂದೆ ಬಂತು.

ಎಷ್ಟು ವಿದ್ಯಾರ್ಥಿಗಳು ಬೇಕು?

ಪರಿಣಾಮ ಅರ್ಧ ಪ್ರಮಾಣಿತ ವಿಚಲನೆಯಷ್ಟಿದ್ದರೆ ಪ್ರತಿ ಗುಂಪಿಗೆ 64. ಐದನೇ ಒಂದು ಭಾಗದಷ್ಟಿದ್ದರೆ ಸುಮಾರು 400. ಇದು 5% ಮಟ್ಟದಲ್ಲಿ, 80% ಸಾಮರ್ಥ್ಯಕ್ಕೆ: ಇಲ್ಲದ ಪರಿಣಾಮವನ್ನು ಇದೆ ಎನ್ನುವ ಸಾಧ್ಯತೆ 5%, ಇರುವ ಪರಿಣಾಮವನ್ನು ಹಿಡಿಯುವ ಸಾಧ್ಯತೆ 80%. ಇಡೀ ತರಗತಿಯನ್ನೇ ಈ ಕಡೆ, ಆ ಕಡೆ ಹಾಕಿದರೆ ಇನ್ನೂ ಜಾಸ್ತಿ ಬೇಕು, ಯಾಕೆಂದರೆ ಒಂದೇ ಮೇಷ್ಟ್ರ ಕೈಯಲ್ಲಿ ಕಲಿತವರು ಒಂದೇ ಥರ ಇರುತ್ತಾರೆ. 50 ಜನರ ತರಗತಿಗಳಲ್ಲಿ ಆ ಹೋಲಿಕೆ 0.1ರಷ್ಟಿದ್ದರೂ ಬೇಕಾದ ಸಂಖ್ಯೆ 5.9 ಪಟ್ಟು ಏರುತ್ತದೆ.

ಹಾಗಾದರೆ ಡಿಜಿಟಲ್ ಪಾಠ ಒಳ್ಳೆಯದೋ, ಕೆಟ್ಟದ್ದೋ?

ರಿಚರ್ಡ್ ಕ್ಲಾರ್ಕ್ 1983ರಲ್ಲೇ ವಾದಿಸಿದ್ದರು: ಮಾಧ್ಯಮ ಕಲಿಸುವುದಿಲ್ಲ, ಬೋಧನೆಯ ವಿಧಾನ ಕಲಿಸುತ್ತದೆ. ಅಮೆರಿಕದ ಶಿಕ್ಷಣ ಇಲಾಖೆ 2010ರಲ್ಲಿ ಪ್ರಕಟಿಸಿದ ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ ಆನ್‌ಲೈನ್ ಕಲಿಕೆಗೆ 0.20 ಪ್ರಮಾಣಿತ ವಿಚಲನೆಯಷ್ಟು, ಆನ್‌ಲೈನ್ ಮತ್ತು ತರಗತಿ ಎರಡೂ ಬೆರೆತದ್ದಕ್ಕೆ 0.35ರಷ್ಟು ಅನುಕೂಲ ಕಂಡಿತು. ಆದರೆ ಬೆರೆತ ಕೋರ್ಸುಗಳಲ್ಲಿ ಹೆಚ್ಚು ಸಮಯ, ಹೆಚ್ಚು ಸಾಮಗ್ರಿ ಸೇರಿರುತ್ತಿತ್ತು ಎಂದು ಆ ವರದಿಯೇ ಎಚ್ಚರಿಸಿದೆ. ಹಾಗಾಗಿ ನಿಮ್ಮ ಮಾಡೆಲಿನಲ್ಲಿ "ಡಿಜಿಟಲ್: ಹೌದು/ಇಲ್ಲ" ಎಂಬ ಒಂದೇ ಚರಾಂಶ ಇಟ್ಟರೆ ಸಾಲದು. ವಾರಕ್ಕೆ ಎಷ್ಟು ಅಭ್ಯಾಸ, ಎಷ್ಟು ಬೇಗ ತಪ್ಪು ತಿದ್ದಿ ಕೊಟ್ಟರು, ಎಷ್ಟು ಹೊತ್ತು ಓದಿದರು, ಇವೂ ಇರಲಿ.

ಮಾಡೆಲ್ ಸರಿಯಿದೆ ಅಂತ ಹೇಗೆ ಗೊತ್ತಾಗೋದು?

ಒಂದು ಸೆಮಿಸ್ಟರನ್ನು ಬಚ್ಚಿಟ್ಟು ಉಳಿದದ್ದರಿಂದ ಅದನ್ನು ಊಹಿಸಿ. 90% ವ್ಯಾಪ್ತಿ ಎಂದು ನೀವು ಹೇಳಿದ್ದರೆ, ನಿಜವಾದ ಅಂಕಿಗಳು ಹತ್ತರಲ್ಲಿ ಸುಮಾರು ಒಂಬತ್ತು ಸಲ ಅದರೊಳಗೆ ಬೀಳಬೇಕು. ಐದೇ ಸಲ ಬಿದ್ದರೆ ನಿಮ್ಮ ಆತ್ಮವಿಶ್ವಾಸ ಜಾಸ್ತಿಯಾಗಿದೆ. ಹತ್ತಕ್ಕೆ ಹತ್ತೂ ಬಿದ್ದರೆ ವ್ಯಾಪ್ತಿ ಬೇಕಾದ್ದಕ್ಕಿಂತ ಅಗಲ ಇರಬಹುದು.

ಯಾವ ಸಾಫ್ಟ್‌ವೇರ್?

ಪಾಸ್-ಫೇಲ್ ಲೆಕ್ಕ, ತೂಕದ ಲೆಕ್ಕ ಎಕ್ಸೆಲ್‌ನಲ್ಲೇ ಆಗುತ್ತದೆ. ಬಹುಹಂತದ ಮಾಡೆಲಿಗೆ ಆರ್ ಅಥವಾ ಪೈಥಾನ್, ಬೇಯ್ಸ್ ವಿಧಾನಕ್ಕೆ ಸ್ಟಾನ್. ಆರ್, ಪೈಥಾನ್, ಸ್ಟಾನ್ ಮೂರೂ ಉಚಿತ.

ಮೇಲಿನವರು "ಸುಮ್ನೆ ಒಂದು ಅಂಕಿ ಹೇಳಿ, ಮುಂದುವರಿಸೋದಾ ಬಿಡೋದಾ" ಅಂತಾರೆ. ಏನು ಹೇಳಲಿ?

ಅವರ ತೀರ್ಮಾನ ತಪ್ಪಿದರೆ ಏನು ನಷ್ಟ ಎಂದು ತಿರುಗಿ ಕೇಳಿ. ಮೇಲಿನ 0.78ನ್ನೇ ತೆಗೆದುಕೊಳ್ಳಿ. ವಿಡಿಯೋ, ಕ್ವಿಜ್ ಎಲ್ಲ ತಯಾರಾಗಿವೆ, ಮುಂದುವರಿಸಲು ಹೊಸ ಖರ್ಚಿಲ್ಲ ಎಂದಾದರೆ ಆ ಸಂಭವನೀಯತೆ ಧಾರಾಳವಾಗಿ ಸಾಕು. ಎಲ್ಲ ವಿಭಾಗಗಳಿಗೂ ದೊಡ್ಡ ಮೊತ್ತದ ಲೈಸೆನ್ಸ್ ಕೊಳ್ಳಬೇಕು, ಹಳೆಯ ತರಗತಿಗಳನ್ನು ಮುಚ್ಚಬೇಕು ಎಂದಾದರೆ ಸಾಲದು. ಆಗ ಇನ್ನೊಂದು ಸೆಮಿಸ್ಟರ್ ಎರಡೂ ವಿಭಾಗ ನಡೆಸಿ ಎನ್ನಿ. ಅದೇ ಪ್ರಮಾಣದಲ್ಲಿ ಫಲಿತಾಂಶ ಬಂದರೆ, ಅಂದರೆ 80ಕ್ಕೆ 56 ಮತ್ತು 80ಕ್ಕೆ 48, ಆ 0.78 ಸುಮಾರು 0.88 ಆಗುತ್ತದೆ. ಆ ಹತ್ತು ಅಂಶದ ಭರವಸೆಗೆ ಒಂದು ಸೆಮಿಸ್ಟರ್ ಕಾಯುವುದು ಲಾಭವೋ ನಷ್ಟವೋ ಎಂಬ ಲೆಕ್ಕವನ್ನು ಅವರೇ ಹಾಕಬೇಕು, ದುಡ್ಡು ಅವರ ಕೈಯಲ್ಲಿದೆ.